ಕಿಟಕಿ ಏಸಿಯ ಶ್ರುತಿ

ಕರಾಮ, ದುಬೈ
8 ಜನವರಿ 2016

ಪೂವಪ್ಪ ಅಂಕಲ್‌ಗೆ,

ಆ ಸಿ.ಡಿ.ಯಲ್ಲಿ ಗಿಟಾರ್ ನುಡಿಸಿದ್ದು ನೀವಲ್ಲ. ಆ ಸಿ.ಡಿ.ಯಲ್ಲಿ ಗಿಟಾರ್ ನುಡಿಸಿದ್ದು ನೀವಲ್ಲ. ಅದು ನಾನು.

ಎರಡು ಸಲ ಬರೆದದ್ದು ಕೈತಪ್ಪಿ ಅಲ್ಲ. ಬ್ಲೂಸ್ ಹಾಡು ಹೀಗೇ ಇರುತ್ತದೆ ಎಂದು ಕಲಿಸಿದವರು ನೀವೇ. ‘ಒಂದು ಮಾತು ಹೇಳ್ಬೇಕು, ಅದನ್ನೇ ಇನ್ನೊಮ್ಮೆ ಹೇಳ್ಬೇಕು, ಮೂರನೇ ಸಾಲಲ್ಲಿ ಯಾಕೆ ಹೇಳಿದ್ದು ಅಂತ ಹೇಳ್ಬೇಕು. ಅಷ್ಟೇ ಮಾರಾಯ.’ ರುವೈಸ್‌ನ ಎಣ್ಣೆ ಕ್ಯಾಂಪಿಗೆ ನೀವು ಏಸಿ ರಿಪೇರಿಗೆ ಹೋಗುತ್ತಿದ್ದ ಕಾಲದಲ್ಲಿ ಅಮೆರಿಕದ ಮುದುಕ ವೆಲ್ಡರ್ ಒಬ್ಬ ನಿಮಗೆ ಹೇಳಿದ ಮಾತಂತೆ ಅದು.

ಮೂರನೇ ಸಾಲು ಇಲ್ಲಿದೆ. ನಿಮ್ಮ ಕ್ಯಾಸೆಟ್ ಕಳೆದ ಆಗಸ್ಟಿನಲ್ಲೇ ಹಾಳಾಯಿತು. ಹಾಳು ಮಾಡಿದವನು ನಾನು.

ಮೇ ತಿಂಗಳಲ್ಲಿ ನಿಮಗೆ ಸ್ಟ್ರೋಕ್ ಆಗಿ ಬಲಗೈ ಬಿದ್ದುಹೋಗಿ ಮಾತೂ ತೊದಲತೊಡಗಿದ ಮೇಲೆ, ಆಗಸ್ಟಿನಲ್ಲಿ ನಾನು ಅಬುಧಾಬಿಗೆ ಬಂದಿದ್ದೆನಲ್ಲ, ಎಲೆಕ್ಟ್ರಾ ಸ್ಟ್ರೀಟಿನ ನಿಮ್ಮ ಮನೆಗೆ. ಆಗ ನೀವು ಅಲಮಾರಿನಿಂದ ಆ ಕ್ಯಾಸೆಟ್ ತೆಗೆಸಿದಿರಿ. 1989ರಲ್ಲಿ ನೀವು ನುಡಿಸುತ್ತಿದ್ದ ಹೋಟೆಲಿನ ಸೌಂಡ್‌ಮ್ಯಾನ್ ಲಿಯೊನೆಲ್ ಅದೇ ಕೋಣೆಯಲ್ಲಿ ಕೂತು ರೆಕಾರ್ಡ್ ಮಾಡಿದ್ದು. ಆರು ಹಾಡು, ಮೂವತ್ತೆಂಟು ನಿಮಿಷ. ಇಪ್ಪತ್ತೈದು ವರ್ಷ ಬಾರಿನಲ್ಲಿ ನುಡಿಸಿದವರದ್ದು ಎಂದು ಈ ಲೋಕದಲ್ಲಿ ಉಳಿದದ್ದು ಅಷ್ಟೇ. ಕಂಪ್ಯೂಟರಿಗೆ ಹಾಕಿ ಸಿ.ಡಿ. ಮಾಡಿಕೊಡುತ್ತೇನೆ ಎಂದು ಜಂಬ ಮಾಡಿ ತಂದವನೂ ನಾನೇ. ನೀವು ಜೊತೆಗೆ, ತಂತಿಯ ಮೇಲೆ ಜಾರಿಸುವ ನಿಮ್ಮ ತಾಮ್ರದ ಕೊಳವೆಯನ್ನೂ ನನ್ನ ಜೇಬಿಗೆ ಹಾಕಿದಿರಿ.

ಮರುದಿನ ಶುಕ್ರವಾರ. ಅಪ್ಪನ ಕಾರಿನಲ್ಲಿ ಚರ್ಚಿಗೆ ಹೋದೆವು. ಕ್ಯಾಸೆಟ್ ಡ್ಯಾಶ್‌ಬೋರ್ಡಿನ ಮೇಲೆ ಉಳಿಯಿತು. ಪೂಜೆ ಮುಗಿದ ಮೇಲೆ ಯಾರದೋ ಮಗುವಿನ ಹುಟ್ಟುಹಬ್ಬ, ಕೇಕು, ಮಾತು. ಮೂರು ಗಂಟೆ ಹೊತ್ತು. ಆಗಸ್ಟಿನಲ್ಲಿ ಮುಚ್ಚಿದ ಕಾರಿನೊಳಗೆ ಏನಾಗುತ್ತದೆ ಎಂದು ಏಸಿ ಮೆಕ್ಯಾನಿಕ್ ಆಗಿದ್ದ ನಿಮಗೆ ನಾನು ಹೇಳಬೇಕಾಗಿಲ್ಲ. ಡಬ್ಬಿ ದೋಸೆಯ ಹಾಗೆ ಬಾಗಿತ್ತು. ಟೇಪು ಒಂದಕ್ಕೊಂದು ಅಂಟಿ ಉಂಡೆಯಾಗಿತ್ತು. ಇಲ್ಲಿನ ರಿಪೇರಿ ಅಂಗಡಿಯ ಕಾನ್ರಾಡ್ ಅದನ್ನು ಬಿಚ್ಚಿ ನೋಡಿ, ‘ಖಲಾಸ್. ಇದು ಈಗ ಬರೀ ಪ್ಲಾಸ್ಟಿಕ್’ ಎಂದ.

ಅವತ್ತೇ ನಿಮಗೆ ಹೇಳಬೇಕಿತ್ತು. ಹೇಳಲಿಲ್ಲ. ಅಪ್ಪ ಅಮ್ಮ ಡ್ಯೂಟಿಗೆ ಹೋದ ಮೇಲೆ, ಶಾಲೆಗೆ ಹೋಗುವುದು ಬಿಟ್ಟು, ಏಳು ವಾರ ನಿಮ್ಮ ಆರೂ ಹಾಡುಗಳನ್ನು ನೆನಪಿನಿಂದ ನಿಮ್ಮ ಹಾಗೇ ನುಡಿಸಿ ರೆಕಾರ್ಡ್ ಮಾಡಿದೆ. ನವೆಂಬರಿನಲ್ಲಿ ತಂದುಕೊಟ್ಟೆ. ನೀವು ಕಣ್ಣು ಮುಚ್ಚಿ ಪೂರ್ತಿ ಕೇಳಿ, ಎಡಗೈಯಿಂದ ನನ್ನ ತಲೆ ಸವರಿದಿರಿ.

ಮೊನ್ನೆ ನಿಮ್ಮ ಮಗ ರಂಜಿತ್ ಅಣ್ಣ ಫೋನ್ ಮಾಡಿದ್ದರು. ಮಾರ್ಚಿನಲ್ಲಿ ತುಳು ಸಂಘದವರು ನಿಮಗೆ ಶಾಲು ಹೊದಿಸುತ್ತಾರಂತೆ. ನಿಮ್ಮ ಫೋಟೋ ಹಾಕಿ ಆ ಸಿ.ಡಿ.ಯ ಮುನ್ನೂರು ಪ್ರತಿ ಹಂಚುತ್ತಾರಂತೆ. ಆಮೇಲೆ ಅವರು ಕೇಳಿದರು: ‘ಕ್ಯಾಸೆಟ್ ಕಡೆಗೆ ಅಮ್ಮನ ಮಾತು ಇತ್ತಂತಲ್ಲ. ಅಪ್ಪ ದಿನಾ ಕೈಸನ್ನೆ ಮಾಡಿ ಕೇಳ್ತಾರೆ. ನೀನು ಕಟ್ ಮಾಡಿದ್ದ?’

ಟೇಪು ಅಲ್ಲಿಗೇ ಮುಗಿದಿತ್ತು ಎಂದೆ. ಗಿಟಾರನ್ನು ನಾನು ನುಡಿಸಬಲ್ಲೆ ಅಂಕಲ್. ಜಲಜಾಕ್ಷಿ ಆಂಟಿಯ ದನಿಯನ್ನು ಎಲ್ಲಿಂದ ತರಲಿ?

ಇದನ್ನು ಕಾರ್ ಲಿಫ್ಟ್ ಓಡಿಸುವ ಮೊರಿಸ್ ಅಣ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ. ದಿನಾ ಬೆಳಿಗ್ಗೆ ಕರಾಮದಿಂದ ಆಫೀಸಿನವರನ್ನು ತುಂಬಿಕೊಂಡು ನಿಮ್ಮ ಬೀದಿಗೇ ಬರುತ್ತಾನೆ.

ಶರ್ವಿನ್


ಕರಾಮ
29 ಜನವರಿ 2016

ಅಂಕಲ್‌ಗೆ,

ಪತ್ರವನ್ನು ನಿಮ್ಮ ಕೈಗೇ ಕೊಟ್ಟೆನೆಂದು ಮೊರಿಸ್ ಅಣ್ಣ ಆಣೆ ಮಾಡಿ ಹೇಳಿದ. ಮೂರು ವಾರವಾಯಿತು. ಕಳೆದ ಶುಕ್ರವಾರ ಅಬುಧಾಬಿ ಬಸ್ಸು ಹತ್ತಿ ಬಂದೆ. ಬೆಲ್ ಒತ್ತಿದೆ. ಒಳಗೆ ಸಿ.ಡಿ. ಹಾಡುತ್ತಿತ್ತು, ನನ್ನ ಸಿ.ಡಿ. ಬೆಲ್ ಕೇಳಿದ ಕೂಡಲೇ ಅದು ನಿಂತಿತು. ಬಾಗಿಲು ತೆಗೆಯಲಿಲ್ಲ. ಲಿಫ್ಟಿನ ಹತ್ತಿರ ಒಂದು ಗಂಟೆ ಕೂತು ವಾಪಸ್ ಬಂದೆ.

ರಂಜಿತ್ ಅಣ್ಣನಿಗೆ ನಾನೇ ಫೋನ್ ಮಾಡಿ ಎಲ್ಲ ಹೇಳಿದ್ದೇನೆ. ಸಿ.ಡಿ. ಅಚ್ಚಿಗೆ ಹೋಗುವುದಿಲ್ಲ. ‘ನೀನು ಇಷ್ಟು ದಿನ ಬಾಯಿ ಮುಚ್ಚಿದ್ದವ, ಇನ್ನೂ ಮುಚ್ಚಿಕೊಂಡಿದ್ರೆ ಏನು ಹೋಗ್ತಿತ್ತು?’ ಎಂದರು.

ಗೋವಾದಲ್ಲಿ ಲಿಯೊನೆಲ್ ಅಂಕಲ್ ನಂಬರು ಹುಡುಕಿದೆ. ಇನ್ನೊಂದು ಪ್ರತಿ ಅವರ ಹತ್ತಿರವೇ ಇತ್ತಂತೆ. ತೊಂಬತ್ತೆರಡರಲ್ಲಿ ಅದರ ಮೇಲೆ ತಂಗಿಯ ಮದುವೆಯ ರೋಸು ಶಾಸ್ತ್ರ ರೆಕಾರ್ಡ್ ಮಾಡಿದರಂತೆ. ‘ಹೊಸ ಕ್ಯಾಸೆಟ್ ತರ್ಲಿಕ್ಕೆ ಯಾರು ಹೋಗ್ತಾರೆ ಬಾಬಾ, ಪೂವಪ್ಪ ಹೇಗೂ ದಿನಾ ನುಡಿಸ್ತಿದ್ನಲ್ಲ’ ಎಂದರು. ಅದೇ ಅಂಕಲ್, ಎಲ್ಲರೂ ಹಾಗೇ ಅಂದುಕೊಂಡದ್ದು.

ನಾನು ಹೇಗೆ ನುಡಿಸಿದೆ ಎಂಬುದನ್ನು ಹೇಳಿಬಿಡುತ್ತೇನೆ. ಬೆಳಿಗ್ಗೆ ಒಂಬತ್ತಕ್ಕೆ ಶುರು ಮಾಡುತ್ತಿದ್ದೆ. ಮೊದಲ ವಾರ ನಿಮ್ಮ ಸ್ವರಗಳೆಲ್ಲ ಸಿಕ್ಕವು, ನೀವು ಸಿಗಲಿಲ್ಲ. ಯಾಕೆಂದು ಗೊತ್ತಾಗಲು ಬಹಳ ದಿನ ಹಿಡಿಯಿತು. ನೀವು ಒಂದು ಸ್ವರ ಬಿಟ್ಟು ಕಾಯುತ್ತೀರಿ. ಅದು ಇನ್ನೇನು ಸಾಯಬೇಕು, ಅದರ ಬಾಲ ಹಿಡಿದು ಮುಂದಿನದನ್ನು ಎಬ್ಬಿಸುತ್ತೀರಿ. ನನಗೆ ಕಾಯಲು ಬರುವುದಿಲ್ಲ. ನಿಮ್ಮ ಗಿಟಾರ್ ಕ್ಲಾಸಿನಲ್ಲೂ ಬರುತ್ತಿರಲಿಲ್ಲ. ಮತ್ತೆ ಆ ಉಂಗುರದ ಬೆರಳು. ಫ್ಯಾನಿನ ರೆಕ್ಕೆಗೆ ಸಿಕ್ಕಿ ಅದರ ತುದಿ ಹೋದ ಮೇಲೆ ನೀವು ಅಲ್ಲಿ ಒತ್ತುವುದಿಲ್ಲ. ಕಿರುಬೆರಳಿಗೆ ಏಸಿಯ ತಾಮ್ರದ ಕೊಳವೆ ತುಂಡು ಸಿಕ್ಕಿಸಿ, ಕೆಳಗಿನಿಂದ ಜಾರಿಸಿ ಆ ಸ್ವರಕ್ಕೆ ಹೋಗುತ್ತೀರಿ. ಜನ ಅದನ್ನು ನಿಮ್ಮ ಶೈಲಿ ಎನ್ನುತ್ತಿದ್ದರು. ‘ಎಂತ ಶೈಲಿ, ಬೆರಳಿಲ್ಲ ಅಷ್ಟೇ’ ಎಂದು ನೀವು ನಗುತ್ತಿದ್ದಿರಿ.

ಒಂದು ತಪ್ಪು ಮಾತ್ರ ನನಗೆ ಆಗ ತಿಳಿಯಲಿಲ್ಲ. ರೆಕಾರ್ಡಿಂಗ್ ಸ್ವಚ್ಛವಾಗಿರಲಿ ಎಂದು ಕಿಟಕಿಯ ಏಸಿ ಆರಿಸಿ, ಬೆವರು ಸುರಿಸಿಕೊಂಡು ನುಡಿಸಿದೆ. ಗಿಟಾರನ್ನು ಫೋನ್ ನೋಡಿ ಶ್ರುತಿ ಮಾಡಿದೆ. ನೀವು ಶ್ರುತಿ ಮಾಡುತ್ತಿದ್ದದ್ದು ಏಸಿಗೆ. ಎಲೆಕ್ಟ್ರಾ ಸ್ಟ್ರೀಟಿನ ಬೇಸಿಗೆಯಲ್ಲಿ ಅದನ್ನು ಆರಿಸುವ ಹಾಗಿರಲಿಲ್ಲ, ಅದರ ಗುಂಯ್ ಎನ್ನುವುದಕ್ಕೇ ದಪ್ಪ ತಂತಿಯನ್ನು ಕೂಡಿಸುತ್ತಿದ್ದಿರಿ. ಬೇರೆಯವರಿಗೆ ತಾನ್ಪುರ, ನಿಮಗೆ ಏಸಿ.

ಶಾಲೆಯಿಂದ ನನ್ನ ಹೆಸರು ತೆಗೆದಿದ್ದಾರೆ. ನಾನೂ ಮತ್ತೆ ಹೋಗಲಿಲ್ಲ. ಯಾಕೆಂದು ಅಪ್ಪನಿಗೆ ನಿನ್ನೆ ಹೇಳಿದೆ. ನಮ್ಮಪ್ಪ ಜುವಾಕಿಂ, ಹೋಟೆಲೊಂದರ ಲಾಂಡ್ರಿ ಸೂಪರ್‌ವೈಸರ್, ದನಿ ಎತ್ತುವವರಲ್ಲ. ಇಸ್ತ್ರಿ ಮಾಡುತ್ತಿದ್ದ ಅಂಗಿ ಪಕ್ಕಕ್ಕಿಟ್ಟು ಹೇಳಿದರು: ‘ಒಂದು ಕ್ಯಾಸೆಟ್ ಸುಟ್ಟಿತು ಅಂತ ನೀನು ಇಡೀ ಮನೆಗೇ ಬೆಂಕಿ ಇಟ್ಟೆಯಲ್ಲ ಪುತಾ.’ ಜೂನಿನಲ್ಲಿ ನನಗೆ ಹದಿನೆಂಟು. ಹದಿನೆಂಟು ದಾಟಿದ ಗಂಡುಮಕ್ಕಳು ಓದುತ್ತಿದ್ದರೆ ಮಾತ್ರ ಅಪ್ಪನ ವೀಸಾದಲ್ಲಿ ಇರಬಹುದು. ನನ್ನದು ರಿನ್ಯೂ ಆಗುವುದಿಲ್ಲ.

ಬೈಯಲಿಕ್ಕಾದರೂ ಒಂದು ಸಾಲು ಬರೆಯಿರಿ.

ಶರ್ವಿನ್


ಎಲೆಕ್ಟ್ರಾ ಸ್ಟ್ರೀಟ್, ಅಬುಧಾಬಿ
17 ಫೆಬ್ರವರಿ

ಶರ್ವಿನ್,

ಎಡಗೈ ಬರಹ. ಓದಿಕೊ. ನಾಲ್ಕು ದಿನದಿಂದ ಬರೆಯುತ್ತಿದ್ದೇನೆ.

ದಿನಾ ಸ್ನಾನ ಆದ ಮೇಲೆ ಕೇಳುತ್ತಿದ್ದೆ. ನಾನು ಇಷ್ಟು ಚೆನ್ನಾಗಿ ನುಡಿಸುತ್ತಿದ್ದೆನಾ ಎಂದು ಖುಷಿ ಆಗುತ್ತಿತ್ತು.

ಏಸಿ ಸದ್ದು ಇರಲಿಲ್ಲ. ಕಂಪ್ಯೂಟರ್ ತೊಳೆದಿರಬೇಕು ಎಂದುಕೊಂಡೆ. ಮೂರನೇ ಹಾಡಿನಲ್ಲಿ ನೀನು ಉಂಗುರದ ಬೆರಳು ಒತ್ತಿದ್ದೀ. ನನಗೆ ಆ ಬೆರಳಿಲ್ಲ. ಆಗ ಕೈ ನೋಡಿಕೊಂಡೆ. ಆಮೇಲೆ ಆ ಹಾಡು ಬರುವಾಗ ಕೈ ನೋಡುವುದು ಬಿಟ್ಟೆ.

ನೀನು ಹೇಳಬಾರದಿತ್ತು. ಈಗ ನನ್ನದೂ ಇಲ್ಲ. ನಿನ್ನದೂ ಇಲ್ಲ.

ಒಂದು ಕೇಳುತ್ತೇನೆ. ಕ್ಯಾಸೆಟ್ ಕಡೆಗೆ ಅವಳು ಏನೋ ಹೇಳುತ್ತಾಳೆ. ಅಡುಗೆಮನೆಯಿಂದ. ಏನು ಹೇಳುತ್ತಾಳೆ ಎಂದು ನನಗೆ ನೆನಪಿಲ್ಲ. ಸ್ಟ್ರೋಕ್ ಆದ ಮೇಲೆ ಹೋಯಿತು. ಟೇಪು ಇದೆಯಲ್ಲ ಎಂದು ಧೈರ್ಯದಿಂದ ಇದ್ದೆ. ರಂಜಿತನಿಗೆ ಎಂಟು ವರ್ಷ ಆದಾಗ ಅವಳು ಹೋದಳು. ಅವನು ಊರಲ್ಲಿ ಅಜ್ಜಿ ಜೊತೆ ಇದ್ದವನು. ಟೇಪು ಒಮ್ಮೆಯೂ ಕೇಳಿಲ್ಲ. ಅವನಿಗೂ ಗೊತ್ತಿಲ್ಲ.

ನೀನು ನಮ್ಮಲ್ಲಿ ಕಲಿಯುವಾಗ ಎರಡು ವರ್ಷ ಅದನ್ನು ಕೇಳಿದವನು. ಏನು ಹೇಳುತ್ತಾಳೆ?

ಪೂವಪ್ಪ


ಕರಾಮ
4 ಮಾರ್ಚ್ 2016

ಅಂಕಲ್‌ಗೆ,

ನನಗೆ ಗೊತ್ತಿಲ್ಲ. ಈ ಸಾಲು ಬರೆಯಲು ಎರಡು ವಾರ ಹಿಡಿಯಿತು.

ನಾವು ಹೊನ್ನಾವರದವರು. ಮನೆಯಲ್ಲಿ ಕೊಂಕಣಿ, ಏಳನೇ ಕ್ಲಾಸಿನವರೆಗೆ ಶಾಲೆಯಲ್ಲಿ ಕನ್ನಡ. ತುಳು ನಮ್ಮ ಕಡೆ ಇಲ್ಲ. ನೀವೂ ನನ್ನ ಜೊತೆ ಕನ್ನಡದಲ್ಲೇ ಮಾತಾಡಿದಿರಿ. ಆಂಟಿ ಹೇಳುತ್ತಿದ್ದದ್ದು ತುಳುವಿನಲ್ಲಿ. ನನಗೆ ಅದು ಮಾತಾಗಿ ಕೇಳಿಸಲೇ ಇಲ್ಲ. ಆರನೇ ಹಾಡಿನ ಕೊನೆಯ ತುಣುಕು ಎಂಬಂತೆ ಕೇಳಿಸುತ್ತಿತ್ತು. ಅವರ ಮಾತಿನ ರಾಗ ನನಗೆ ಬರುತ್ತದೆ. ಒಂಬತ್ತು ಸ್ವರ. ಮೊದಲ ಎರಡು ಒಂದೇ ಕಡೆ ನಿಲ್ಲುತ್ತವೆ, ಆಮೇಲೆ ಏರುತ್ತದೆ, ಸ್ವಲ್ಪ ಕಾಯುತ್ತದೆ, ಕೊನೆಯ ಎರಡು ಕೆಳಕ್ಕೆ ಜಾರುತ್ತವೆ. ಹತ್ತು ಸಲ ಹಾಡಿ ತೋರಿಸೆಂದರೂ ತೋರಿಸುತ್ತೇನೆ. ಒಂದಕ್ಷರ ಗೊತ್ತಿಲ್ಲ.

ಇನ್ನೊಂದು ವಿಷಯ ಹೇಳದೆ ಬಿಟ್ಟರೆ ಮತ್ತೆ ಸುಳ್ಳಾಗುತ್ತದೆ. ರಂಜಿತ್ ಅಣ್ಣ ಕಳೆದ ವಾರ ಕರಾಮಕ್ಕೆ ಬಂದಿದ್ದರು. ಕೆಳಗಿನ ಹೋಟೆಲಿನಲ್ಲಿ ಚಾ ಕುಡಿಸಿದರು. ಟೇಪಿನ ತುಂಡೊಂದು ಉಳಿದಿತ್ತು, ಸರಿಮಾಡಿಸಿದೆ ಎಂದು ನಾನು ನಿಮಗೆ ಹೇಳಬೇಕಂತೆ. ನಿಮ್ಮ ಸೊಸೆ ಭವ್ಯಶ್ರೀ ಅಕ್ಕ ಮೈಕಿನ ಮುಂದೆ ಒಂದು ಮಾತು ಹೇಳುತ್ತಾರಂತೆ, ಅದನ್ನು ನಾನು ಹಳೆಯ ಟೇಪಿನ ಹಾಗೆ ಮಾಡಿಕೊಡಬೇಕಂತೆ.

‘ಆಗೋದಿಲ್ಲ ಅಣ್ಣ’ ಎಂದೆ.

‘ಮಾಡ್ಲಿಕ್ಕೆ ಬರೋದಿಲ್ವ, ಮಾಡೋದಿಲ್ವ?’

‘ಬರುತ್ತೆ. ಮಾಡೋದಿಲ್ಲ.’

ಅವರು ಚಾ ಲೋಟ ಪಕ್ಕಕ್ಕೆ ಸರಿಸಿದರು. ಆಮೇಲೆ, ‘ಸಿ.ಡಿ. ಮಾಡುವಾಗ ಎಲ್ಲಿತ್ತು ನಿನ್ನ ಈ ಸತ್ಯ? ಅಪ್ಪ ಊಟ ಬಿಟ್ಟಿದ್ದಾರೆ ಗೊತ್ತುಂಟಾ? ನಂಗೂ ಅಮ್ಮನ ದನಿ ಅಂತ ಇದ್ದದ್ದು ಅದೊಂದೇ. ನಾಳೆ ಕೇಳುವ, ನಾಡಿದ್ದು ಕಾಪಿ ಮಾಡುವ ಅಂತ ಬಿಟ್ಟವ ನಾನು. ಸುಳ್ಳು ಅಂತ ಗೊತ್ತಿದ್ದೇ ನಾನೂ ಕೇಳ್ತೇನೆ, ನಿಂಗೇನು?’ ಎಂದರು. ಅವರ ಕಣ್ಣು ಕೆಂಪಾಗಿತ್ತು. ಬಿಲ್ ಕೊಟ್ಟು, ಇನ್ನು ಮನೆಯ ಹತ್ತಿರ ಬರಬೇಡ ಎಂದು ಹೇಳಿ ಹೋದರು.

ನಾನು ಒಳ್ಳೆಯವನೆಂದು ತೋರಿಸಲು ಇದನ್ನು ಬರೆಯುತ್ತಿಲ್ಲ. ಮೊದಲ ಸಲ ಹೆದರಿ ಸುಳ್ಳು ಹೇಳಿದೆ. ಎರಡನೇ ಸಲ ಹೇಳಿದರೆ ನೀವು ಬದುಕಿರುವಷ್ಟು ದಿನ ಯಾರದೋ ದನಿಯನ್ನು ಆಂಟಿ ಎಂದುಕೊಂಡು ಸ್ನಾನ ಮುಗಿಸಿ ಬಂದು ಕೂರುತ್ತೀರಿ. ನನಗೆ ಅದು ಕಣ್ಣಿಗೆ ಕಟ್ಟುತ್ತದೆ. ಆಗುವುದಿಲ್ಲ.

ದಯವಿಟ್ಟು ಊಟ ಮಾಡಿ.

ಶರ್ವಿನ್


ಎಲೆಕ್ಟ್ರಾ ಸ್ಟ್ರೀಟ್
22 ಏಪ್ರಿಲ್

ಶರ್ವಿನ್,

ಶಾಲು ಹೊದಿಸಿದರು. ಒಂದು ಗಡಿಯಾರ ಕೊಟ್ಟರು. ಸಿ.ಡಿ. ಎಲ್ಲಿ ಎಂದು ಯಾರೂ ಕೇಳಲಿಲ್ಲ.

ಒಂಬತ್ತು ಸ್ವರ ಅಂದಿದ್ದೀ. ಕೇಳಬೇಕು.

ಗಿಟಾರ್ ತಾ. ಕೊಳವೆಯೂ ತಾ. ಶುಕ್ರವಾರ ಬೆಳಿಗ್ಗೆ ರಂಜಿತ ಮೀನು ಮಾರ್ಕೆಟಿಗೆ ಹೋಗುತ್ತಾನೆ. ಹತ್ತಕ್ಕೆ. ಭವ್ಯಶ್ರೀ ಬಾಗಿಲು ತೆಗೆಯುತ್ತಾಳೆ. ಅವಳಿಗೆ ಹೇಳಿದ್ದೇನೆ.

ಬೇಗ ಬಾ. ಇನ್ನೂ ಏನೇನು ಹೋಗುತ್ತದೋ ಗೊತ್ತಿಲ್ಲ.

ಪೂವಪ್ಪ


ಕರಾಮ
9 ಜೂನ್ 2016

ಅಂಕಲ್‌ಗೆ,

ಆ ಶುಕ್ರವಾರ ನಿಮ್ಮ ಮುಂದೆ ಹೇಳಲಾಗದೆ ಬಂದದ್ದೊಂದಿದೆ. ಅದನ್ನು ಹೇಳುವ ಮೊದಲು ನಡೆದದ್ದನ್ನೆಲ್ಲ ಬರೆಯುತ್ತೇನೆ. ನಿಮಗೆ ಯಾವುದು ಉಳಿಯುತ್ತದೆ, ಯಾವುದು ಹೋಗುತ್ತದೆ ಎಂದು ನನಗೆ ಗೊತ್ತಿಲ್ಲ. ಕಾಗದದಲ್ಲಿ ಇರಲಿ.

ಮೇ ಹದಿಮೂರು. ನೀವು ಕಿಟಕಿಯ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತಿದ್ದಿರಿ, ತುಂಬ ಇಳಿದುಹೋಗಿದ್ದಿರಿ. ಏಸಿ ಹೊಸದಾಗಿತ್ತು. ಆದರೆ ಗುಂಯ್ ಎನ್ನುವುದು ಹಳೆಯದೇ. ನೀವು ಬೆರಳಿನಿಂದ ಅದನ್ನು ತೋರಿಸಿದಿರಿ, ನಾನು ದಪ್ಪ ತಂತಿಯನ್ನು ಅದಕ್ಕೆ ಕೂಡಿಸಿದೆ. ಒಂಬತ್ತು ಸ್ವರ ನುಡಿಸಿದೆ. ನೀವು ಅಲ್ಲ ಎಂದು ತಲೆಯಾಡಿಸಿದಿರಿ. ಮತ್ತೆ ನುಡಿಸಿದೆ. ಮತ್ತೆ ಅಲ್ಲ. ಇಪ್ಪತ್ತು ಸಲ ಆಗಿರಬಹುದು. ನಾನು ಒಂಬತ್ತು ತಿಂಗಳಿನಿಂದ ತಲೆಯಲ್ಲಿ ಇಟ್ಟುಕೊಂಡದ್ದೂ ತಪ್ಪೆಂದಾದರೆ ಇನ್ನು ಈ ಲೋಕದಲ್ಲಿ ಅದು ಎಲ್ಲೂ ಇಲ್ಲ ಎಂದುಕೊಂಡು ಗಿಟಾರ್ ಕೆಳಗಿಟ್ಟೆ.

ಆಗ ನೀವು ಎಡಗೈ ಚಾಚಿದಿರಿ. ಏನು ಬೇಕೆಂದು ತಿಳಿಯಲಿಲ್ಲ. ‘ಕೊಳ... ಕೊಳ...’ ಎಂದಿರಿ. ಕೊಳವೆಯನ್ನು ನಿಮ್ಮ ಕಿರುಬೆರಳಿಗೆ ಹಾಕಿದೆ. ಗಿಟಾರನ್ನು ನಿಮ್ಮ ತೊಡೆಯ ಮೇಲಿಟ್ಟು, ನಿಮ್ಮ ಬಲಗೈ ಇರಬೇಕಾದ ಕಡೆ ನನ್ನ ಬಲಗೈ ಇಟ್ಟು ಮಂಡಿಯೂರಿ ಕೂತೆ. ನಾನು ತಂತಿ ಮೀಟಿದೆ. ನೀವು ಜಾರಿಸಿದಿರಿ.

ನಾನು ಏರುತ್ತದೆ ಎಂದುಕೊಂಡ ಕಡೆ ನಿಮ್ಮ ಕೈ ಅಷ್ಟು ಏರಲಿಲ್ಲ. ಅರ್ಧಕ್ಕೆ ನಿಂತಿತು. ಅದೇ ಸರಿ. ಕೇಳಿದ ಕೂಡಲೇ ನನಗೂ ಗೊತ್ತಾಯಿತು. ಬೇಗ ಮೀಟಿದಾಗಲೆಲ್ಲ ನೀವು, ‘ಕಾಯಿ’ ಎಂದಿರಿ. ಕಾದೆ. ಬದುಕಿನಲ್ಲಿ ಮೊದಲ ಸಲ ಸರಿಯಾಗಿ ಕಾದೆ ಎಂದು ಕಾಣುತ್ತದೆ.

ಎಷ್ಟನೆಯ ಸಲವೋ, ಕೈಯ ಜೊತೆ ನಿಮ್ಮ ಬಾಯಿಯೂ ಹೊರಟಿತು.

‘ನುಪ್ಪು ಬಳಸ್ದೆ, ಬಲೆ.’

ಬಾಗಿಲ ಹತ್ತಿರ ನಿಂತಿದ್ದ ಭವ್ಯಶ್ರೀ ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಏನು ಹಾಗೆಂದರೆ ಎಂದು ಕೇಳಿದೆ. ‘ಅನ್ನ ಬಡಿಸಿದ್ದೇನೆ, ಬನ್ನಿ ಅಂತ’ ಎಂದರು. ಅಷ್ಟೇ ಮಾತು. ನೀವು ಅದನ್ನು ಮತ್ತೆ ಮತ್ತೆ ಹೇಳಿದಿರಿ, ಸ್ಟ್ರೋಕ್ ಆದ ಮೇಲೆ ನಿಮ್ಮ ಬಾಯಿಂದ ಅಷ್ಟು ಸ್ಪಷ್ಟವಾಗಿ ಯಾವ ಮಾತೂ ಬಂದಿರಲಿಲ್ಲವಂತೆ. ಅಕ್ಕ ಓಡಿಹೋಗಿ ತಟ್ಟೆ ತಂದರು. ನೀವು ನಾಲ್ಕು ತುತ್ತು ಉಂಡಿರಿ. ಮೀನಿನ ಚೀಲ ಹಿಡಿದುಕೊಂಡು ಬಂದ ರಂಜಿತ್ ಅಣ್ಣ ಚಪ್ಪಲಿ ಕಳಚುವುದನ್ನೂ ಮರೆತು ಅಲ್ಲೇ ನಿಂತರು. ಬೈಯಲಿಲ್ಲ. ಕೆಳಗೆ ಬಸ್‌ಸ್ಟಾಪಿನವರೆಗೆ ಜೊತೆಗೆ ಬಂದು, ‘ಅಮ್ಮ ಅದೇ ಹೇಳ್ತಿದ್ಲಾ? ನಿಜವಾಗಿ?’ ಎಂದು ಕೇಳಿದರು. ಬಸ್ಸು ಬಂತು. ಉತ್ತರ ಕೊಡದೆ ಹತ್ತಿದೆ.

ಹೇಳಲಾಗದೆ ಬಂದದ್ದು ಅದು. ನಿಮ್ಮ ಮಾತು ಏಳು ಸ್ವರಕ್ಕೆ ಮುಗಿಯಿತು ಅಂಕಲ್. ಒಂಬತ್ತು ಇವೆ.

ಬಸ್ಸಿನಲ್ಲಿ ಎಣಿಸಿದೆ, ಮನೆಗೆ ಬಂದು ಎಣಿಸಿದೆ, ಈ ನಾಲ್ಕು ವಾರ ದಿನಾ ಎಣಿಸಿದ್ದೇನೆ. ನು, ಪ್ಪು, ಬ, ಳಸ್, ದೆ, ಬ, ಲೆ. ಆಮೇಲೆ ಎರಡು ಉಳಿಯುತ್ತವೆ, ಕೆಳಕ್ಕೆ ಜಾರುವ ಎರಡು. ನಿಮ್ಮ ಬಾಯಿ ನಿಂತ ಮೇಲೂ ನಿಮ್ಮ ಕೈ ಆ ಎರಡನ್ನು ಜಾರಿಸಿತು. ಪ್ರತಿ ಸಲವೂ ಜಾರಿಸಿತು. ನೀವು ಬಾಯಿ ತೆರೆದು ಕಾದಿರಿ, ಏನೂ ಬರಲಿಲ್ಲ, ಆಗ ನಿಮ್ಮ ಮುಖ ಹೇಗಾಯಿತೆಂದು ನಾನು ನೋಡಿದೆ. ಅಕ್ಕ ತಟ್ಟೆ ತಂದದ್ದರಿಂದ ಅದು ಅಲ್ಲಿಗೆ ನಿಂತಿತು. ಎಲ್ಲ ಸಿಕ್ಕಿತು ಎಂದು ಮನೆಯವರೆಲ್ಲ ಖುಷಿಯಲ್ಲಿದ್ದರು.

ಆ ಎರಡು ಸ್ವರ ನಿಮ್ಮ ಆರೂ ಹಾಡುಗಳ ಕೊನೆಯಲ್ಲಿವೆ. ಹಾಡು ಮುಗಿಸುವ ಶೈಲಿ ಎಂದುಕೊಂಡು ನಾನು ಅದನ್ನು ಏಳು ವಾರ ಅಭ್ಯಾಸ ಮಾಡಿದ್ದೆ. ಅದು ಶೈಲಿಯಲ್ಲ ಎಂದು ಈಗ ಅನ್ನಿಸುತ್ತದೆ. ಆ ಎರಡರಲ್ಲಿ ಆಂಟಿ ನಿಮ್ಮನ್ನು ಏನೋ ಎಂದು ಕರೆಯುತ್ತಿದ್ದರು. ಏನೆಂದು ನನಗೆ ಗೊತ್ತಿಲ್ಲ, ಊಹೆ ಮಾಡಿ ಬರೆಯುವುದೂ ಇಲ್ಲ. ನಿಮಗೆ ಸಿಗಬಹುದು. ಸಿಗದೆಯೂ ಇರಬಹುದು. ಸಿಕ್ಕಿದ್ದು ಪೂರ್ತಿಯೆಂದು ನೀವು ತಿಳಿದುಕೊಂಡಿದ್ದರೆ ಕ್ಷಮಿಸಿ, ಪೂರ್ತಿಯಲ್ಲ. ರಂಜಿತ್ ಅಣ್ಣನಿಗೂ ಇದನ್ನೇ ಹೇಳಿ.

ಇದರ ಜೊತೆ ಒಂದು ಸಿ.ಡಿ. ಇದೆ. ಮೇಲೆ ದೊಡ್ಡದಾಗಿ ಬರೆದಿದ್ದೇನೆ: ‘ನುಡಿಸಿದ್ದು ಶರ್ವಿನ್.’ ಆರು ಹಾಡು, ಈ ಸಲ ಏಸಿ ಹಾಕಿಕೊಂಡು, ಅದರ ಶ್ರುತಿಗೆ. ಉಂಗುರದ ಬೆರಳು ಎಲ್ಲೂ ಒತ್ತಿಲ್ಲ. ಕೊಳವೆ ನಿಮ್ಮ ಬೆರಳಲ್ಲೇ ಉಳಿದಿತ್ತಲ್ಲ, ಬಾತ್‌ರೂಮಿನ ಹಳೆಯ ಪೈಪು ಕೊಯ್ದು ಬೇರೆ ಮಾಡಿಕೊಂಡೆ. ಅಷ್ಟು ಚೆನ್ನಾಗಿಲ್ಲ. ಕೊನೆಯಲ್ಲಿ ಆ ಒಂಬತ್ತು ಸ್ವರ ಇವೆ, ನಿಮ್ಮ ಕೈ ತೋರಿಸಿದ ಹಾಗೆ. ಬೇಡವೆನಿಸಿದರೆ ಕೇಳಬೇಡಿ.

ಅಪ್ಪ ಟಿಕೆಟ್ ತಂದಿದ್ದಾರೆ. ಅಮ್ಮ ಬ್ಯಾಗು ತುಂಬುತ್ತಿದ್ದಾಳೆ. ಪೂವಪ್ಪ ಅಂಕಲ್‌ಗೆ ಹೇಳಿ ಬಂದೆಯಾ ಎಂದು ಅಪ್ಪ ಈಗಷ್ಟೇ ಕೇಳಿದರು. ಬರೆಯುತ್ತಿದ್ದೇನೆ ಎಂದೆ. ಗಿಟಾರ್ ಒಯ್ಯಲು ಲಗೇಜಿನಲ್ಲಿ ಜಾಗವಿಲ್ಲ, ಮೊರಿಸ್ ಅಣ್ಣನ ಗಾಡಿಯಲ್ಲಿ ನಿಮ್ಮ ಮನೆಗೆ ಬರುತ್ತದೆ. ನೀವು ಎಡಗೈ ಇಟ್ಟುಕೊಂಡು ಕೂತರೆ ಮೀಟಲು ಯಾರನ್ನಾದರೂ ಕರೆಯಿರಿ. ರಂಜಿತ್ ಅಣ್ಣನಿಗೆ ಬರುವುದಿಲ್ಲ ಎಂದು ಹೇಳಬೇಡಿ, ಮೀಟುವುದು ಸುಲಭ. ಕಾಯುವುದು ಮಾತ್ರ ಕಷ್ಟ, ಅದನ್ನು ನೀವು ಹೇಳಿಕೊಡಿ.

ನಾಳೆ ಮಧ್ಯಾಹ್ನದ ವಿಮಾನಕ್ಕೆ ನಾನು ಊರಿಗೆ ಹೋಗುತ್ತಿದ್ದೇನೆ.

ಶರ್ವಿನ್